ಎಂಜಿನ್ನಿಗೆ ಓಟ ಕಲಿಸಿದ ಧೂಳಪ್ಪ

ಗಿರಣಿ ಶುರುವಾಗಿದೆಯೋ ಇಲ್ಲವೋ ಎಂದು ಬಬಲೇಶ್ವರದ ಹೆಂಗಸರು ಆ ಕಾಲದಲ್ಲಿ ಯಾರನ್ನೂ ಕೇಳಬೇಕಾಗಿರಲಿಲ್ಲ. ಅಮರಪ್ಪ ಸಾವಕಾರರ ಹಿಟ್ಟಿನ ಗಿರಣಿಯ ಹೊಗೆಕೊಳವೆಯ ತುದಿಗೆ ಒಂದು ತಗಡಿನ ಡಬ್ಬಿ ಸಿಕ್ಕಿಸಿತ್ತು. ಎಂಜಿನ್ ಒಮ್ಮೆ ಉಸಿರು ಬಿಟ್ಟರೆ ಡಬ್ಬಿ ಒಮ್ಮೆ ಕೂಗುತ್ತಿತ್ತು. ಕುಕ್, ಕುಕ್, ಕುಕ್. ಗಾಳಿ ಅತ್ತ ತಿರುಗಿದ ದಿನ ಆ ಸದ್ದು ಜೈನಾಪುರದ ಹೊಲಗಳವರೆಗೂ ಹೋಗುತ್ತಿತ್ತು. ಕಳೆ ತೆಗೆಯುತ್ತ ಕೂತವರು ತಲೆ ಎತ್ತಿ, "ಧೂಳಪ್ಪ ಎಂಜಿನ್ ಹಚ್ಚಿದ ನೋಡು" ಎನ್ನುತ್ತಿದ್ದರು. ಸಂಜೆ ಜೋಳದ ಬುಟ್ಟಿ ಹೊರುವುದು ಅಲ್ಲಿಗೆ ನಿಶ್ಚಯವಾಗುತ್ತಿತ್ತು.

ಧೂಳಪ್ಪ ಮಮದಾಪುರದ ಕುರಿ ಕಾಯುವ ಮನೆತನದವನು. ಕೆರೆಯ ಏರಿಯ ಮೇಲೆ ಕಂಬಳಿ ಹೊದ್ದು ಕಣ್ಣು ಮುಚ್ಚಿ ಕೂತಿದ್ದರೂ ಹಿಂಡಿನಲ್ಲಿ ಕೆಮ್ಮಿದ ಕುರಿ ಯಾವುದು ಎಂದು ಅವನು ಹೇಳಬಲ್ಲವನಾಗಿದ್ದ. ಒಮ್ಮೆ ಬಬಲೇಶ್ವರದ ಸಂತೆಗೆ ಬಂದವನು ಹಿಟ್ಟು ಹಾಕಿಸಲು ಗಿರಣಿಗೆ ಹೋದ. ಎಂಜಿನ್ ಮೇಲಿಂದ ಮೇಲೆ ನಿಲ್ಲುತ್ತಿತ್ತು, ಆಗಿನ ಎಂಜಿನ್ನಿನವನು ಬೈಯುತ್ತ ಹ್ಯಾಂಡಲ್ ತಿರುಗಿಸುತ್ತಿದ್ದ. ಧೂಳಪ್ಪ ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ಕೇಳಿ, "ಅದಕ್ಕ ಉಸರ ಸಿಗವಲ್ದರಿ" ಎಂದ. ಎಲ್ಲರೂ ನಕ್ಕರು. ಕೊನೆಗೆ ನೋಡಿದರೆ ಗಾಳಿ ಎಳೆಯುವ ಬಾಯಿಗೆ ಹಿಟ್ಟಿನ ಧೂಳು ಮೆತ್ತಿ ಗಟ್ಟಿಯಾಗಿತ್ತು. ಅಮರಪ್ಪ ಅಂದೇ ಅವನನ್ನು ಗಿರಣಿಯಲ್ಲಿ ಇರಿಸಿಕೊಂಡರು.

ಹೆಂಡತಿ ಗುರುಬಾಯಿಯನ್ನು ಕರೆದುಕೊಂಡು ಬಂದು ಗಿರಣಿಯ ಹಿಂದಿನ ಕೋಣೆಯಲ್ಲಿ ಸಂಸಾರ ಹೂಡಿದ. ಎಂಜಿನ್ ಅವನಿಗಿಂತ ಹಳೆಯದು. ಅದರ ಎದೆಯ ಮೇಲೆ ಒಂದು ಹಿತ್ತಾಳೆಯ ತಗಡು ಇತ್ತು. ಅದರಲ್ಲಿ ಎಂಜಿನ್ನಿನ ಓಟ ಇಷ್ಟೇ ಎಂದು ಕಂಪನಿಯವರು ಕೊರೆದಿದ್ದರು. ಧೂಳಪ್ಪ ದಿನಾ ಹುಣಸೆಹಣ್ಣು ಹಚ್ಚಿ ಅದನ್ನು ಬೆಳಗುತ್ತಿದ್ದ. ವರ್ಷಗಳು ಹೋದಂತೆ ಅವನ ಕಿವಿಯ ಸುದ್ದಿ ಸುತ್ತಲ ಊರಿಗೆ ಹಬ್ಬಿತು. ಬಾವಿಗೆ ಹಳೆಯ ಎಂಜಿನ್ ಕೊಳ್ಳುವವರು ಅವನನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಅವನು ಕೇಳಿ "ಚಲೋ ಐತಿ" ಅಂದರೆ ಕೊಳ್ಳುತ್ತಿದ್ದರು. ಓದು ಬರಹವಿಲ್ಲದ ಅವನಿಗೆ ಊರಲ್ಲಿ ಇದ್ದ ಮರ್ಯಾದೆ ಅದೊಂದೇ. ಅದು ಅವನಿಗೂ ಗೊತ್ತಿತ್ತು.

ದೊಡ್ಡ ಬರ ಕಳೆದು ಎರಡು ಮೂರು ವರ್ಷವಾಗಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಗುರುಪಾದಯ್ಯನವರು ಕರೆಂಟಿನ ಗಿರಣಿ ಹಾಕಿದರು. ಅದಕ್ಕೆ ಹೊಗೆಯಿಲ್ಲ, ಕೂಗಿಲ್ಲ, ಬಟನ್ ಒತ್ತಿದರೆ ಬುರ್ರ್ ಎಂದು ಶುರು. ಇಲ್ಲಿ ಒಬ್ಬರ ಬುಟ್ಟಿ ಮುಗಿಯುವುದರೊಳಗೆ ಅಲ್ಲಿ ಇಬ್ಬರದು ಮುಗಿಯುತ್ತಿತ್ತು. ಮೊದಲು ಹೊಸ ಸೊಸೆಯಂದಿರು ಅತ್ತ ಹೋದರು, ಆಮೇಲೆ ಅತ್ತೆಯರೂ ಹೋದರು. ಪಾಳಿಗೆ ಬುಟ್ಟಿ ಇಟ್ಟು ಸಾಲಾಗಿ ಕೂರುವ ಕಟ್ಟೆ ಖಾಲಿಯಾಯಿತು.

ಗಣಪತಿ ಹಬ್ಬ ಕಳೆದ ಮೇಲೆ ಅಮರಪ್ಪ ಒಂದು ದಿನ ಗಿರಣಿಗೆ ಬಂದು ಹಿಟ್ಟಿನ ಧೂಳಿನ ಮೇಲೇ ಕೂತರು. ಧೋತರ ಬಿಳಿಯದೇ ಆದ್ದರಿಂದ ಅದೇನೂ ಕಾಣಲಿಲ್ಲ.

"ಏನ ಮಾಡೂನು ಧೂಳಪ್ಪ? ಎಲ್ಲಾರೂ ಮೋಟಾರ್ ತರಸ್ರಿ, ಮೋಟಾರ್ ತರಸ್ರಿ ಅನ್ನಾಕತ್ತಾರ."

ಧೂಳಪ್ಪ ಎಣ್ಣೆಯ ಅರಿವೆ ಹಿಡಿದುಕೊಂಡೇ ನಿಂತ. "ಎಂಜಿನ್ ಏನ ಮಾಡ್ತೀರ್ರಿ?"

"ಅದನ್ನ ಇಟಗೊಂಡು ಏನ ಮಾಡ್ಲೋ? ಗುಜರಿಗೆ ಹಾಕೂದು. ಇಲ್ಲಂದ್ರ ಒಂದ ದಾರಿ ಐತಿ. ಇದು ಅದರ ಸರಿಸಮ ಓಡಬೇಕು. ದಸರಿತನಕ ನೀ ಇದಕ್ಕ ಓಟ ಕಲಸು. ಓಡ್ತಂದ್ರ ನಾ ಮೋಟಾರಿನ ಹೆಸರ ಎತ್ತಂಗಿಲ್ಲ. ನೀನೂ ಇರು, ನಿನ್ನ ಎಂಜಿನ್ನೂ ಇರ್ಲಿ."

ನಿನ್ನ ಎಂಜಿನ್ ಎಂದರು. ಆ ಮಾತು ಧೂಳಪ್ಪನ ಎದೆಯಲ್ಲಿ ಉಳಿಯಿತು.

ಎಂಜಿನ್ನಿಗೆ ಗೌರ್ನರ್ ಎಂಬುದೊಂದು ಇರುತ್ತದೆ. ಕುದುರೆಗೆ ಲಗಾಮಿನ ಹಾಗೆ, ಓಟ ಹೆಚ್ಚಾದರೆ ಅದು ಎಳೆದು ಹಿಡಿಯುತ್ತದೆ. ಅದರ ಸ್ಪ್ರಿಂಗಿಗೆ ಒಂದು ನಟ್ಟು. ಆ ನಟ್ಟನ್ನು ಬಿಗಿ ಮಾಡಿದರೆ ಲಗಾಮು ಸಡಿಲಾಗಿ ಎಂಜಿನ್ ತಗಡಿನ ಮೇಲೆ ಬರೆದದ್ದಕ್ಕಿಂತ ಜೋರು ಓಡುತ್ತದೆ. ಇಷ್ಟು ಧೂಳಪ್ಪನಿಗೆ ಗೊತ್ತಿತ್ತು. ಆದರೆ ಇಷ್ಟು ವರ್ಷದಲ್ಲಿ ಅವನು ಆ ನಟ್ಟನ್ನು ಮುಟ್ಟಿರಲಿಲ್ಲ. ಅದನ್ನು ಒರೆಸುವಾಗಲೂ ಅರಿವೆಯನ್ನು ಹಗುರಾಗಿ ಆಡಿಸುತ್ತಿದ್ದ.

ವಿಜಾಪುರಕ್ಕೆ ಹೋಗಿ ಮಹಮ್ಮದ ಮಿಸ್ತ್ರಿಯನ್ನು ಕೇಳಿದ. ಮಹಮ್ಮದನ ವರ್ಕ್‌ಶಾಪಿನ ಮುಂದೆ ಬಿಚ್ಚಿದ ಎಂಜಿನ್ನುಗಳು ಕಸಾಯಿ ಅಂಗಡಿಯ ಹಾಗೆ ಹರಡಿದ್ದವು.

"ಧೂಳಪ್ಪಣ್ಣಾ, ಕಂಪನಿಯವ್ರು ಏನ ಹುಚ್ಚರೇನು ತಗಡ ಹಚ್ಚಾಕ?" ಎಂದು ಮಹಮ್ಮದ ನಕ್ಕ. "ಓಡಸೂದು ದೊಡ್ಡ ಮಾತಲ್ಲ. ನಾಕ ಸುತ್ತ ತಿರುಗಿಸಿದ್ರ ಹುಚ್ಚ ಹಿಡದಂಗ ಓಡತೈತಿ. ತಣ್ಣಗ ಇಡಬೇಕಲ್ಲ? ಅರ್ಧ ಸುತ್ತ ತಿರಗಸು, ಒಂದ ದಿನ ಓಡಸು, ಮೈ ಮುಟ್ಟಿ ನೋಡು. ಬೇರಿಂಗ್ ಮ್ಯಾಲ ಕೈ ನಿಂತಿತಂದ್ರ ಮತ್ತ ಅರ್ಧ ಸುತ್ತ. ಕೈ ನಿಲ್ಲಲಿಲ್ಲಂದ್ರ ಹಿಂದಕ್ಕ ಬಾ. ಮತ್ತ ಒಂದ ಮಾತ ತಿಳಕೋ. ಹಂಗ ಓಡೂ ಎಂಜಿನ್ನಿನ ಮಗ್ಗಲದಾಗ ಯಾವಾಗ್ಲೂ ನೀ ಇರಬೇಕು. ತೊಟ್ಟಿಲದಾಗಿನ ಕೂಸ ಬಿಟ್ಟಂಗ ಬಿಟ್ಟ ಹೋಗೂದಲ್ಲ."

ಮರುದಿನ ಮಧ್ಯಾಹ್ನ, ಗಿರಣಿಯಲ್ಲಿ ಯಾರೂ ಇಲ್ಲದಾಗ, ಧೂಳಪ್ಪ ನಟ್ಟು ತಿರುಗಿಸುವ ಪಾನಾ ಹಿಡಿದು ಎಂಜಿನ್ನಿನ ಮುಂದೆ ಕೂತ. ಎರಡು ಸಲ ಪಾನಾ ಕೆಳಗಿಟ್ಟು ಅಂಗೈ ಒರೆಸಿಕೊಂಡ. "ಸಿಟ್ಟಾಗಬ್ಯಾಡ ನಮ್ಮವ್ವ" ಎಂದು ನಟ್ಟಿಗೆ ಅರ್ಧ ಸುತ್ತು ಕೊಟ್ಟ.

ಡಬ್ಬಿಯ ಕೂಗು ಬದಲಾಯಿತು. ಕುಕ್ ಕುಕ್ ಎಂದು ನಡುವೆ ಬಿಡುವು ಕೊಡುತ್ತಿದ್ದದ್ದು ಕುಕುಕು ಎಂದು ಒತ್ತಿ ಒತ್ತಿ ಬಂತು. ಗುರುಬಾಯಿ ಒಳಗಿಂದ ಓಡಿ ಬಂದಳು. "ಏನಾತ್ರಿ ಅದಕ್ಕ? ಯಾರರ ಬೆನ್ನ ಹತ್ಯಾರೇನು?"

"ಏನೂ ಆಗಿಲ್ಲ ಬಿಡು. ಓಟ ಕಲ್ಯಾಕತ್ತೈತಿ."

ದಿನಕ್ಕೆ ಅರ್ಧ ಸುತ್ತು. ಎಂಜಿನ್ ತಣ್ಣಗಿಡುವ ನೀರಿನ ತೊಟ್ಟಿಯ ಪಕ್ಕದಲ್ಲಿ ಇನ್ನೊಂದು ದೊಡ್ಡ ಬ್ಯಾರಲ್ ನಿಲ್ಲಿಸಿ ನೀರಿನ ಪೈಪು ಜೋಡಿಸಿದ. ಬೇರಿಂಗಿನ ಮೇಲೆ ಅಂಗೈ ಇಟ್ಟು ದೇವರ ಹೆಸರು ಹೇಳುತ್ತ ಎಷ್ಟು ಹೊತ್ತು ತಡೆಯಬಹುದೆಂದು ನೋಡುತ್ತಿದ್ದ. ಬುನಾದಿಯ ಬೋಲ್ಟುಗಳು ಅಲುಗಾಡದಂತೆ ಮತ್ತೆ ಬಿಗಿದ. ಒಂದು ದಿನ ಓಟ ಮಿತಿ ಮೀರಿ ಗೋಡೆಯ ಮಣ್ಣು ಉದುರಿದಾಗ ಒಂದು ಸುತ್ತು ಹಿಂದೆ ಬಂದ. ಕೊನೆಗೆ ಎಂಜಿನ್ ಒಂದು ಲಯದಲ್ಲಿ ನಿಂತಿತು. ಜೋರು, ಆದರೂ ಸರಿಸಮ. ಎಂಜಿನ್ನಿನಿಂದ ಕಲ್ಲಿಗೆ ಹಾಕಿದ ಪಟ್ಟಾ ತಿರುಗುವ ವೇಗಕ್ಕೆ ಕಣ್ಣು ಕತ್ತಲಿಡುತ್ತಿತ್ತು. ಹಿಟ್ಟು ಹಾಕಿಸಲು ಬಂದ ಬೋರವ್ವನ ಬುಟ್ಟಿ ಅವಳು ಎಲೆಅಡಿಕೆ ಹಾಕಿಕೊಂಡು ಮುಗಿಸುವುದರೊಳಗೆ ಹಿಟ್ಟಾಗಿ ಕೆಳಗಿಳಿಯಿತು.

ಧೂಳಪ್ಪ ಆ ದಿನ ಹೊಟ್ಟೆತುಂಬ ಉಂಡ. ಮರುದಿನ ಬೆಳಿಗ್ಗೆ ಬೋರವ್ವ ಅದೇ ಬುಟ್ಟಿ ತಂದು ಅವನ ಮುಂದೆ ಕುಕ್ಕಿದಳು.

"ಯಣ್ಣಾ, ನನ್ನ ಜ್ವಾಳ ಬೀಸೀಯೋ, ಹುರದೀಯೋ?"

"ಯಾಕ ಬೇ, ಏನಾತು?"

"ಮೂಸಿ ನೋಡು! ರೊಟ್ಟಿ ಬಡ್ಯಾಕ ಕುಂತ್ರ ಅಂಚೆಲ್ಲ ಬಿರಕ ಬಿಡಾಕತ್ತಾವು. ನಮ್ಮತ್ತಿ, ರೊಟ್ಟಿ ಬಡ್ಯಾಕ ಬರೂದಿಲ್ಲ ನಿನಗ ಅಂತ ನಿನ್ನಿಯಿಂದ ನನ್ನ ತಲಿ ತಿನ್ನಾಕತ್ತಾಳ. ಬಂದು ಉತ್ತರ ಕೊಡು ಆಕಿಗೆ!"

ಗುರುಬಾಯಿ ಒಳಗಿಂದಲೇ ಕೂಗಿದಳು. "ನಮ್ಮ ಮನ್ಯಾಗೂ ಹಂಗ ಆಗೈತಿ. ಮುಂಜಾನಿಂದ ನಾ ಸುಮ್ನಿದ್ದೆ. ಎಂಜಿನ್ ಮೈ ಮುಟ್ಟಿ ನೋಡ್ತಾರ, ಹೆಂಡ್ತಿ ಮಾಡಿದ ರೊಟ್ಟಿ ನೋಡಂಗಿಲ್ಲ!"

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಧೂಳಪ್ಪ ಗಿರಣಿಯ ಕಲ್ಲಿಗೆ ಕೈ ಇಟ್ಟು ನೋಡಿ ತಟ್ಟನೆ ಹಿಂದೆಗೆದ. ಎಂಜಿನ್ನಿನ ಮೈಯೆಲ್ಲ ಮುಟ್ಟಿ ನೋಡಿದ್ದ. ಅದು ತಿರುಗಿಸುವ ಕಲ್ಲನ್ನು ಮುಟ್ಟಿರಲಿಲ್ಲ. ಆ ಬಿಸಿಯಲ್ಲಿ ಜೋಳ ಬೆಂದು ಹಿಟ್ಟು ಜಿಗಿ ಕಳೆದುಕೊಂಡಿತ್ತು. ಗಿರಣಿ ನಿಲ್ಲಿಸಿ ಕಲ್ಲು ಬಿಚ್ಚಿ, ಉಳಿಯಿಂದ ಹಳೆಯ ಹಲ್ಲುಗಳನ್ನು ಹೊಸದಾಗಿ ಆಳಕ್ಕೆ ಹೊಡೆದ. ಕಲ್ಲುಗಳ ನಡುವೆ ಕೂದಲೆಳೆಯಷ್ಟು ಸಂದು ಹೆಚ್ಚಿಸಿದ, ಜೋಳ ಬೀಳುವ ಬಾಯಿ ಕಿರಿದು ಮಾಡಿದ. ಸ್ವಲ್ಪ ವೇಗ ಹೋಯಿತು, ಹಿಟ್ಟು ತಣ್ಣಗಾಯಿತು. ಗುರುಬಾಯಿ ಹೊಸ ಹಿಟ್ಟಿನಲ್ಲಿ ಹಂಚಿನಗಲ ರೊಟ್ಟಿ ಬಡಿದು ಬೆಳಕಿಗೆ ಹಿಡಿದು ತೋರಿಸಿದಳು. ಒಂದು ಬಿರುಕೂ ಇರಲಿಲ್ಲ. ಕಟ್ಟೆ ಮತ್ತೆ ತುಂಬತೊಡಗಿತು.

ನವರಾತ್ರಿ ಶುರುವಾದ ಮೇಲೆ ಅಮರಪ್ಪ ಒಬ್ಬ ಹಿರಿಯರನ್ನು ಕರೆದುಕೊಂಡು ಗಿರಣಿಗೆ ಬಂದರು. ಹಳದಿ ರುಮಾಲು, ಕೈಯಲ್ಲಿ ಬೆಳ್ಳಿ ಕಟ್ಟಿನ ಬಡಿಗೆ. "ಶಿವಯೋಗೆಪ್ಪ ಅಂತ, ತಿಕೋಟಾದ ನಮ್ಮ ಬೀಗರು. ಗಿರಣಿ ನೋಡತೇನಂದ್ರು" ಎಂದರು.

ಶಿವಯೋಗೆಪ್ಪ ಎಂಜಿನ್ನಿನ ಸುತ್ತ ಒಂದು ಸುತ್ತು ಹಾಕಿ ಧೂಳಪ್ಪನ ಕಡೆ ತಿರುಗಿದರು. "ನೀನೇನಪಾ ಆ ಧೂಳಪ್ಪ? ಎಂಜಿನ್ನಿಗೆ ಕಿವಿ ಕೊಟ್ಟ ಕುಂದ್ರತೀ ಅಂತಾರಲ್ಲ, ಆಂವ?"

"ಹೌದ್ರಿ."

"ಮತ್ತ ಹೇಳು, ಏನಂತೈತಿ ಇದು?"

ಧೂಳಪ್ಪನಿಗೆ ಉಬ್ಬು ಬಂತು. ಬೇರಿಂಗಿನ ಮೇಲೆ ಅಂಗೈ ಇಟ್ಟು ತೆಗೆಯದೆ ನಿಂತ. "ಇನ್ನ ಹತ್ತ ವರ್ಷ ಹಿಂಗ ಓಡತೇನಿ ಅಂತೈತ್ರಿ ಯಪ್ಪಾ."

ಪಕ್ಕದಲ್ಲಿ ತಾನು ಇದ್ದರೆ ಎಂಬ ಮಾತು ಅವನ ನಾಲಿಗೆಗೆ ಬರಲಿಲ್ಲ. ತಾನಿಲ್ಲದೆ ಆ ಎಂಜಿನ್ ಇರುತ್ತದೆಂದು ಅವನಿಗೆ ಹೊಳೆದೇ ಇರಲಿಲ್ಲ. ಅಮರಪ್ಪ ಅವನ ಬೆನ್ನು ತಟ್ಟಿದರು.

ಮಹಾನವಮಿಯ ದಿನ ಖಂಡೇ ಪೂಜೆ, ಆಯುಧಗಳಿಗೆಲ್ಲ ಪೂಜೆ. ಆ ದಿನ ಮಾತ್ರ ಎಂಜಿನ್ ಹಚ್ಚುವುದಿಲ್ಲ. ಧೂಳಪ್ಪ ಸೀಮೆಎಣ್ಣೆಯಿಂದ ಅದರ ಮೈ ತೊಳೆದು, ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದ. ಪಾನಾಗಳನ್ನೂ ಉಳಿಯನ್ನೂ ಮುಂದೆ ಸಾಲಾಗಿ ಇಟ್ಟ. ಗುರುಬಾಯಿ ಹೋಳಿಗೆ ಎಡೆ ಹಿಡಿದಳು. ಮರುದಿನ ಸಂಜೆ ಬನ್ನಿ ಮುಡಿಯುವ ಹೊತ್ತಿಗೆ ಊರೆಲ್ಲ ಬನ್ನಿಯ ಎಲೆ ಹಿಡಿದು ಒಬ್ಬರಿಗೊಬ್ಬರು ಕೊಡುತ್ತ, ಬಂಗಾರದಂಗ ಇರೋಣ ಎನ್ನುತ್ತ ತಿರುಗುತ್ತಿತ್ತು. ಸಣ್ಣವರು ದೊಡ್ಡವರ ಮನೆಗೆ ಹೋಗಿ ಕೊಡುವುದು ಪದ್ಧತಿ. ಆದರೆ ಅಮರಪ್ಪ ತಾವೇ ಗಿರಣಿಯ ಹಿಂದಿನ ಕೋಣೆಗೆ ಬಂದರು. ಧೂಳಪ್ಪನ ಕೈಯಲ್ಲಿ ಎಲೆ ಇಟ್ಟು, "ಬಂಗಾರದಂಗ ಇರೂನು ಧೂಳಪ್ಪ. ನೀ ನನ್ನ ಗಿರಣಿ ಉಳಿಸಿದಿ. ಕೊಟ್ಟ ಮಾತ ಕೊಟ್ಟ ಮಾತು" ಎಂದರು. ಧೂಳಪ್ಪ ಅವರ ಕಾಲಿಗೆ ಬಿದ್ದ. ಆ ಎಲೆಯನ್ನು ದೇವರ ಜಗಲಿಯ ಮೇಲೆ ಇಟ್ಟ.

ಬನ್ನಿಯ ಮರುದಿನವೇ ಅಮರಪ್ಪ, "ಪಟ್ಟಾ ಸವದೈತಿ ಅಂದಿದ್ದೆಲ್ಲ, ವಿಜಾಪುರಕ್ಕ ಹೋಗಿ ಹೊಸಾದು ತಗೊಂಡ ಬಾ" ಎಂದು ಅವನನ್ನು ಬೆಳಗಿನ ಬಸ್ಸಿಗೆ ಹತ್ತಿಸಿದರು. ಧೂಳಪ್ಪ ಪಟ್ಟಾ ಕೊಂಡು, ಮಹಮ್ಮದನಿಗೂ ಬನ್ನಿ ಕೊಟ್ಟು ಹೋಗೋಣವೆಂದು ವರ್ಕ್‌ಶಾಪಿಗೆ ಹೋದ. ಮಹಮ್ಮದ ಎಲೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಪಟ್ಟಾ ನೋಡಿ ಹುಬ್ಬು ಗಂಟಿಕ್ಕಿದ.

"ಇದ್ಯಾಕ ತಗೊಂಡಿ? ಈ ಅಳತಿ ಮೋಟಾರಿಗೆ ಆಗಂಗಿಲ್ಲ."

"ಯಾವ ಮೋಟಾರೋ?"

"ನಿಮ್ಮ ಸಾವಕಾರ್ರದು. ನನ್ನ ಕಡೆ ಹೇಳಿ ತರಿಸ್ಯಾರಲ್ಲ, ನಿನ್ನಿ ಗಾಡಿಗೆ ಹೇರಿ ಕಳಿಸೇನಿ. ನಿನಗ ಗೊತ್ತಿಲ್ಲೇನು?"

"ಯಾವಾಗ ಹೇಳಿದ್ರು?"

ಮಹಮ್ಮದ ತಲೆ ಕೆರೆದುಕೊಂಡ. "ಗಣಪತಿ ಹಬ್ಬಕ್ಕಿಂತ ಮೊದಲ. ನೀ ಗೌರ್ನರ್ ಕೇಳಾಕ ಬಂದಿದ್ದೆಲ್ಲ, ಅದಕ್ಕೂ ಮೊದಲ. ಎಂಜಿನ್ ಬಾವಿಗೆ ಹಚ್ಚತಾರ, ಅದಕ್ಕ ಕೇಳಾಕತ್ತೀ ಅಂತ ನಾ ತಿಳಕೊಂಡೆ."

ಧೂಳಪ್ಪ ಪಟ್ಟಾದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದ. ಬಸ್ಸಿನಲ್ಲಿ ಕೂತಾಗ ಒಂದೊಂದೇ ನೆನಪಾಯಿತು. ನೀನೂ ಇರು, ನಿನ್ನ ಎಂಜಿನ್ನೂ ಇರ್ಲಿ ಎಂದಾಗಲೇ ಮೋಟಾರಿಗೆ ಹೇಳಿಯಾಗಿತ್ತು. ಹಾಗಾದರೆ ಓಟ ಕಲಿಸು ಎಂದದ್ದು ಯಾರಿಗೆ ತೋರಿಸುವುದಕ್ಕೆ? ಹಳದಿ ರುಮಾಲು ಕಣ್ಣ ಮುಂದೆ ಬಂತು. ಅಮರಪ್ಪನವರಿಗೆ ತಿಕೋಟಾದಲ್ಲಿ ಬೀಗರೇ ಇಲ್ಲ ಎಂಬುದೂ ಆಗಲೇ ನೆನಪಾದದ್ದು.

ಬಬಲೇಶ್ವರದಲ್ಲಿ ಇಳಿದಾಗ ಗಿರಣಿಯ ಮುಂದೆ ಲಾರಿ ನಿಂತಿತ್ತು. ಎಂಜಿನ್ನನ್ನು ಹಗ್ಗ ಹಾಕಿ ಅದರ ಮೇಲೆ ಕಟ್ಟಿದ್ದರು. ಖಂಡೇ ಪೂಜೆಯ ಮಾಲೆ ಇನ್ನೂ ಅದರ ಕೊರಳಲ್ಲೇ ಇತ್ತು. ಒಳಗೆ ಬುನಾದಿಯ ಬೋಲ್ಟುಗಳು ಮಾತ್ರ ನೆಲದಿಂದ ಎದ್ದು ನಿಂತಿದ್ದವು. ಗುರುಬಾಯಿ ಬಾಗಿಲಲ್ಲಿ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಳು.

"ಸಾವಕಾರ್ರ, ಏನ್ರಿ ಇದು?"

"ಏ, ಬಂದೇನು? ಚಲೋ ಗಿರಾಕಿ ಸಿಕ್ತಪಾ, ಕೊಟ್ಟಬಿಟ್ಟೆ. ನಿನ್ನನ್ನೇನ ಹೊರಗ ಹಾಕೂದಿಲ್ಲ. ಮೋಟಾರಿಗೂ ಒಬ್ಬಾಂವ ಬೇಕಲ್ಲ, ಬಟನ್ ಒತ್ತಿ ಕುಂದ್ರೂದು. ನಿನಗ ಸುಖ ಆತು."

"ಬನ್ನಿ ಕೊಟ್ಟಿದ್ರೆಲ್ರಿ ನಿನ್ನಿ."

"ಅದು ಬ್ಯಾರೆ, ಇದು ಬ್ಯಾರೆ."

ಧೂಳಪ್ಪನಿಗೆ ಜಗಳವಾಡಲು ಬರುತ್ತಿರಲಿಲ್ಲ. ಒಂದೇ ಮಾತು ಕೇಳಿದ. "ಆತ್ರಿ, ಒಯ್ಯಲಿ. ನಾ ನಟ್ ಸಡ್ಲ ಮಾಡಿ ಕೊಡ್ತೇನಿ, ಒಂದ ಗಳಿಗಿ ತಡಸ್ರಿ. ಮಗ್ಗಲದಾಗ ಗೊತ್ತಿದ್ದಾಂವ ಇಲ್ಲದ ಈ ಓಟ ಓಡ್ತಂದ್ರ ಒಡೀತೈತ್ರಿ."

ಅಮರಪ್ಪ ಅವನ ರಟ್ಟೆ ಹಿಡಿದು ಗೋಡೆಯ ಕಡೆ ಎಳೆದರು. ದನಿ ತಗ್ಗಿಸಿದರು. "ಓಟ ನೋಡೇ ತಗೊಂಡಾರ. ಅದನ್ನ ಸಡ್ಲ ಮಾಡಿದ್ರ ಯಾರ ತಗೋತಾರ? ಸುಮ್ನ ನಿಂದ್ರು." ಅಷ್ಟರಲ್ಲಿ ಲಾರಿ ಹೊರಟಿತು.

ಮರುದಿನ ಧೂಳಪ್ಪ ಪಾನಾ ತೆಗೆದುಕೊಂಡು ವಿಜಾಪುರದ ಮೇಲಿಂದ ತಿಕೋಟಾಕ್ಕೆ ಹೋದ. ಇಟ್ಟಂಗಿಹಾಳ ದಾಟುವಾಗ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡ. ಶಿವಯೋಗೆಪ್ಪನವರ ಹೊಸ ಗಿರಣಿಯಲ್ಲಿ ಎಂಜಿನ್ ಕೂರಿಸುತ್ತಿದ್ದರು. ಅವನನ್ನು ಕಂಡ ಕೂಡಲೆ ಶಿವಯೋಗೆಪ್ಪ ನಕ್ಕರು.

"ಬಂದೆಲ್ಲ! ಅಮರಪ್ಪ ಹೇಳೇ ಕಳಿಸ್ಯಾರ. ಧೂಳಪ್ಪಗ ಎಂಜಿನ್ ಮ್ಯಾಲ ಬಾಳ ಜೀವ, ಬಂದು ಏನರ ನೆಪ ಹೇಳಿ ತಿರುಗಿ ಒಯ್ಯಾಕ ನೋಡತಾನ ಅಂತ."

"ಇಲ್ರಿ ಯಪ್ಪಾ. ಓಟ ಹೆಚ್ಚ ಮಾಡಿದಾಂವ ನಾನ ರಿ. ಒಂದೆರಡ ಸುತ್ತ ಸಡ್ಲ ಮಾಡ್ತೇನಿ, ತಗಡಿನ ಮ್ಯಾಲ ಇದ್ದಂಗ ಓಡ್ಲಿ. ನಿಮಗ ಬಾಳ ದಿನ ಬರತೈತಿ."

"ಅವತ್ತ ಬೇರಿಂಗ್ ಮ್ಯಾಲ ಕೈ ಇಟ್ಟ ಹತ್ತ ವರ್ಷ ಅಂದಾಂವ ಯಾರು?"

"ನಾನ ರಿ."

"ನಿನ್ನ ಮಾತಿನ ಮ್ಯಾಲ ತಗೊಂಡೇನಿ ನಾ. ಅಮರಪ್ಪನ ಮಾತಿನ ಮ್ಯಾಲ ಅಲ್ಲ. ಈಗ ಹೇಳು, ಅವತ್ತಿನ ಮಾತ ಸುಳ್ಳೋ, ಇವತ್ತಿನ ಮಾತ ಸುಳ್ಳೋ?"

ಎರಡೂ ಸುಳ್ಳಲ್ಲ ಎಂದು ಅವರಿಗೆ ಹೇಗೆ ತಿಳಿಸಬೇಕೋ ಧೂಳಪ್ಪನಿಗೆ ತಿಳಿಯಲಿಲ್ಲ. ಎಂಜಿನ್ನಿನ ಹತ್ತಿರ ಹೋಗಿ ತಗಡಿನ ಮೇಲೆ ಕೂತ ರಸ್ತೆಯ ಧೂಳನ್ನು ಹೆಗಲ ಮೇಲಿನ ಅರಿವೆಯಿಂದ ಒರೆಸಿದ. "ಕೈ ಹಚ್ಚಬ್ಯಾಡ" ಎಂದು ಶಿವಯೋಗೆಪ್ಪ ಬಡಿಗೆ ಅಡ್ಡ ಹಿಡಿದರು. ಅವನು ಹೊರಟು ಬಂದ.

ದೀಪಾವಳಿಗೆ ಮೊದಲೇ ಸುದ್ದಿ ಬಂತು. ತಂದವನು ಬಸ್ಸಿನ ಕಂಡಕ್ಟರ್. ಹಬ್ಬದ ಗದ್ದಲದಲ್ಲಿ ತಿಕೋಟಾದವರು ಎಂಜಿನ್ನಿಗೆ ಬಿಡುವು ಕೊಡದೆ ಓಡಿಸಿದ್ದರು. ಬ್ಯಾರಲ್ಲಿನ ನೀರು ಕುದಿಯುತ್ತಿದ್ದುದನ್ನು ಯಾರೂ ನೋಡಲಿಲ್ಲ. ಒಳಗಿನ ರಾಡು ಮುರಿದು, ಎಂಜಿನ್ನಿನ ಹೊಟ್ಟೆ ಒಡೆದು ಹೊರಬಂದು ಗೋಡೆಗೆ ಬಡಿದಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಿರಲಿಲ್ಲ.

ಬೋರವ್ವ ಬಂದು ಉಳಿದದ್ದನ್ನು ಹೇಳಿದಳು. "ಯಣ್ಣಾ, ಊರಾಗ ಏನ ಮಾತಾಡಾಕತ್ತಾರ ಗೊತ್ತೈತೇನು? ನೀ ತಿಕೋಟಾಕ್ಕ ಹೋದಾಗ ಏನೋ ಕೈ ಆಡಿಸಿ ಬಂದಿ ಅಂತ. ಪಾನಾ ಹಿಡಕೊಂಡ ಹೋಗಿದ್ದಿ ಅಂತ ಬಸ್ಸಿನ್ಯಾಗಿನವ್ರು ನೋಡ್ಯಾರಂತ."

"ಯಾರ ಹೇಳಿದ್ರು ಬೇ?"

ಬೋರವ್ವ ಸೆರಗಿನ ತುದಿ ತಿರುವಿದಳು. "ಸಾವಕಾರ್ರ ಕಟ್ಟಿ ಮ್ಯಾಲ ಕುಂತ ಹೇಳಾಕತ್ತಿದ್ರು. ಏನ ಮಾಡೂದು, ಸಿಟ್ಟಿಗೆ ಮಾಡ್ಯಾನ, ಹೋಗ್ಲಿ ಬಿಡ್ರಿ ಅಂತ ನಿನ್ನ ಪರವಾಗಿ ಮಾತಾಡಿದ್ರಪಾ."

ಗುರುಬಾಯಿ ಒಲೆಯ ಮುಂದಿಂದ ಎದ್ದಳು. "ಹೋಗಿ ಕೇಳ್ರಿ ಅವರನ್ನ! ನಾ ಬರತೇನಿ ನಡೀರಿ!"

ಧೂಳಪ್ಪ ಏಳಲಿಲ್ಲ. ಅಮರಪ್ಪನವರು ಎಂಜಿನ್ ಮಾರಿದ್ದು ಅವನಿಗೆ ಅರ್ಥವಾಗಿತ್ತು, ಅದು ಅವರದೇ ವಸ್ತು. ಸುಳ್ಳು ಹೇಳಿ ಓಟ ಹೆಚ್ಚಿಸಿಕೊಂಡದ್ದನ್ನೂ ಹೇಗೋ ನುಂಗಿದ್ದ. ಆದರೆ ಮಾರಿದ್ದು ಎಂಜಿನ್ ಅಲ್ಲ, ತನ್ನ ಮಾತು ಎಂಬುದು ಈಗ ತಿಳಿಯಿತು. ಅದು ಒಡೆದ ಮೇಲೆ ಚೂರುಗಳನ್ನೂ ಅವನ ಮನೆಯ ಮುಂದೆಯೇ ತಂದು ಸುರಿದಿದ್ದರು.

ಮೋಟಾರಿನ ಬಟನ್ ಒತ್ತಲು ಅವನು ಹೋಗಲಿಲ್ಲ. ಗಿರಣಿಯ ಹಿಂದಿನ ಕೋಣೆ ಬಿಟ್ಟು ಹರಳಯ್ಯನ ಓಣಿಯಲ್ಲಿ ಮನೆ ಹಿಡಿದ. ಮಹಮ್ಮದನ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದ. ಬಿಚ್ಚುವುದು, ತೊಳೆಯುವುದು, ಜೋಡಿಸುವುದು ಎಲ್ಲ ಮಾಡುತ್ತಿದ್ದ. ಗಿರಾಕಿ ಬಂದು "ಈ ಎಂಜಿನ್ ಹೆಂಗ ಐತಿ?" ಎಂದರೆ ಮಾತ್ರ, "ಮಿಸ್ತ್ರಿನ್ನ ಕೇಳ್ರಿ" ಎಂದು ಮುಖ ತಿರುಗಿಸುತ್ತಿದ್ದ. ಊರ ಕಡೆಯಿಂದಂತೂ ಎಂಜಿನ್ ಕೊಳ್ಳುವವರು ಅವನನ್ನು ಕರೆಯಲು ಬರಲೇ ಇಲ್ಲ.

ಮರುವರ್ಷದ ಬನ್ನಿ ಬಂತು. ಸಂಜೆ ಧೂಳಪ್ಪ ಒಗೆದ ಅಂಗಿ ತೊಟ್ಟು, ರುಮಾಲಿನ ತುದಿಯಲ್ಲಿ ಎಲೆ ಕಟ್ಟಿಕೊಂಡು ಹೊರಬಿದ್ದ. ಅನುಮಾನದಿಂದ ನೋಡಿದವರಿಗೂ ಕೊಟ್ಟ, ಅವರೂ ಕೊಟ್ಟರು. ಬನ್ನಿಯ ದಿನ ಯಾರೂ ಯಾರಿಗೂ ಇಲ್ಲ ಎನ್ನುವುದಿಲ್ಲ. ಬೋರವ್ವನ ಅತ್ತೆ ಎಲೆ ಕೊಟ್ಟು, "ಈಗಿನ ಹಿಟ್ಟ ಬಾಯಿಗೆ ಹತ್ತವಲ್ದಪಾ" ಎಂದಳು.

ಗುಡಿಯ ಮುಂದೆ ಅಮರಪ್ಪ ಎದುರಾದರು. ಸುತ್ತ ಹತ್ತಾರು ಜನ. ಅವರು ನಗುತ್ತ ಮುಂದೆ ಬಂದು, ಹೋದ ವರ್ಷದಂತೆಯೇ ಅವನ ಅಂಗೈ ಬಿಡಿಸಿ ಎಲೆ ಇಟ್ಟರು. "ಬಂಗಾರದಂಗ ಇರೂನು ಧೂಳಪ್ಪ. ಆದದ್ದ ಆಗಿ ಹೋತು."

ಧೂಳಪ್ಪ ಎಲೆ ಬೀಳಿಸಲಿಲ್ಲ. ಅಮರಪ್ಪ ತಮ್ಮ ಕೈ ಚಾಚಿ, ಅವನು ತಿರುಗಿ ಕೊಡುವ ಎಲೆಗೆ ಕಾದರು. ಅವನ ರುಮಾಲಿನ ತುದಿಯಲ್ಲಿ ಇನ್ನೂ ಎಲೆ ಇರುವುದು ಎಲ್ಲರಿಗೂ ಕಾಣುತ್ತಿತ್ತು.

"ಸಾವಕಾರ್ರ, ಹೋದ ವರ್ಷ ನೀವ ಕೊಟ್ಟದ್ದು ಇನ್ನಾ ನಮ್ಮ ಜಗಲಿ ಮ್ಯಾಲ ಹಂಗ ಐತ್ರಿ" ಎಂದ ಧೂಳಪ್ಪ. ಉಳಿದವರಿಗೆ ಎಲೆ ಕೊಡುವಾಗ ಇದ್ದಷ್ಟೇ ಮೆತ್ತಗೆ ಇತ್ತು ಅವನ ದನಿ. "ಅದರ ಲೆಕ್ಕ ಮುಗೀಲ್ರಿ ಮೊದಲ."

ರುಮಾಲಿನ ಗಂಟು ಬಿಗಿ ಮಾಡಿಕೊಂಡು ಅವನು ಓಣಿಯ ಕಡೆ ನಡೆದ. ಹಿಂದಿನಿಂದ ಯಾರೋ "ಲೇ ಧೂಳಪ್ಪ" ಎಂದು ಕರೆದರು. ಹಳೆಯ ಗಿರಣಿಯ ಮುಂದೆ ಹಾಯುವಾಗ ಅವನ ಕಾಲು ತಾನಾಗಿ ನಿಧಾನವಾಯಿತು. ಒಳಗೆ ಮೋಟಾರು ಬುರ್ರ್ ಎನ್ನುತ್ತಿತ್ತು. ಅದು ಚೆನ್ನಾಗಿದೆಯೋ ಇಲ್ಲವೋ ಎಂದು ಕಿವಿ ಕೇಳತೊಡಗಿತ್ತು. ಅವನು ತಲೆ ಕೊಡವಿ ಮುಂದೆ ನಡೆದ.